ಹಳೆಯ ಪ್ರೋಗ್ರಾಂ ಹೊಸ ಸರ್ವರ್‌ನಲ್ಲಿ ಲಿಂಕ್ ಆಗದಿದ್ದರೆ: ಕಾಣೆಯಾದದ್ದು ಫೈಲೋ, ಹೆಸರೋ, ಆವೃತ್ತಿಯೋ?

ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಬೆಂಬಲ 2024ರ ಜೂನ್ 30ಕ್ಕೆ ನಿಂತಿತು. ಅದರ ಮೇಲೆ ಓಡುತ್ತಿದ್ದ ಹಳೆಯ ಫೋರ್ಟ್ರಾನ್, ಸಿ, ಸಿ++ ಪ್ರೋಗ್ರಾಂಗಳನ್ನು ಹೊಸ ಲಿನಕ್ಸ್‌ಗಳಾದ ರಾಕಿ 9ಕ್ಕೋ ಉಬುಂಟುವಿಗೋ ಒಯ್ಯುವ ಕೆಲಸ ಎಷ್ಟೋ ಕಡೆ ಇನ್ನೂ ಅರ್ಧಕ್ಕೇ ನಿಂತಿದೆ. ಪುಣೆಯಂಥ ಊರಿನಲ್ಲಿ ಈ ತಲೆನೋವು ತುಸು ಹೆಚ್ಚೇ. ಪಾಷಾಣದಲ್ಲಿ ಮುಂಗಾರಿನ ಮಾದರಿಗಳು, ಖಡಕ್ವಾಸ್ಲಾದಲ್ಲಿ ಅಣೆಕಟ್ಟು ಕಾಲುವೆಗಳ ಲೆಕ್ಕ, ಚಿಂಚವಡ ಭೋಸರಿಯಲ್ಲಿ ವಾಹನದ ಬಿಡಿಭಾಗಗಳ ವಿನ್ಯಾಸ, ಕೆಳಗೆ ಗೋವಾದ ದೋನಾ ಪಾವ್ಲಾದಲ್ಲಿ ಸಮುದ್ರದ ಅಧ್ಯಯನ: ಇಂಥ ಕೆಲಸದಲ್ಲಿ ಕೋಡ್ ತಲೆಮಾರು ದಾಟಿ ಬರುತ್ತದೆ. ಬರೆದವರು ನಿವೃತ್ತರಾಗಿರುತ್ತಾರೆ, ಪ್ರೋಗ್ರಾಂ ಕಟ್ಟುವ ಸೂಚನೆಗಳಿರುವ ಮೇಕ್‌ಫೈಲ್ ಮಾತ್ರ ಉಳಿದಿರುತ್ತದೆ. ಬೆಳಗಾವಿಯಲ್ಲೋ ಧಾರವಾಡದಲ್ಲೋ ಕಾಲೇಜು ಮುಗಿಸಿ ಪುಣೆಯ ಬಸ್ಸು ಹತ್ತಿದ ಹುಡುಗ ಹುಡುಗಿಯರ ಕೈಗೆ ಮೊದಲು ಬಂದು ಬೀಳುವುದು ಬಹಳ ಸಲ ಇದೇ ಕೆಲಸ: "ಇದನ್ನ ಹೊಸ ಮಷಿನ್ ಮ್ಯಾಲೆ ಎಬ್ಬಿಸಿ ಕೊಡು."

ಮೇಕ್ ಕೊಟ್ಟ ಕೂಡಲೇ ಪರದೆ ತುಂಬ ಎರರ್. ಆಗ ಹೆಚ್ಚಿನವರು ಕೊನೆಯ ಸಾಲನ್ನು ಗೂಗಲ್‌ಗೆ ಹಾಕಿ, ಕಣ್ಣಿಗೆ ಬಿದ್ದ ಪ್ಯಾಕೇಜನ್ನೆಲ್ಲ ತುಂಬುತ್ತಾರೆ. ಅದರಿಂದಲೂ ಆಗದಿದ್ದರೆ ಹೊಸ ಲೈಬ್ರರಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ (ಇನ್ನೊಂದು ಫೈಲನ್ನು ತೋರಿಸುವ ಹೆಸರು) ಕಟ್ಟುತ್ತಾರೆ. ಮೊದಲನೆಯದರಿಂದ ಹೊತ್ತು ಹಾಳಾಗುತ್ತದೆ, ಎರಡನೆಯದರಿಂದ ಫಲಿತಾಂಶವೇ ಹಾಳಾಗಬಹುದು. "ಲೈಬ್ರರಿ ಇಲ್ಲ" ಎನ್ನುವ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಕೊರತೆ ಇರಬಹುದು: ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ ಫೈಲ್) ಇಲ್ಲ, ಲಿಂಕ್ ಮಾಡಲು ಬೇಕಾದ ಫೈಲ್ ಇಲ್ಲ, ಫೈಲ್ ಇದ್ದರೂ ಅದರೊಳಗೆ ಕೇಳಿದ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು) ಇಲ್ಲ, ಎಲ್ಲ ಇದ್ದರೂ ಓಡುವಾಗ ಬೇಕಾದ ಆವೃತ್ತಿ ಇಲ್ಲ. ಇದರಲ್ಲಿ ಯಾವುದು ಎಂಬುದು ಎರರ್ ಸಾಲಿನಲ್ಲೇ ಇರುತ್ತದೆ. ಅದು ತಿಳಿಯುವವರೆಗೆ ಏನನ್ನೂ ಇನ್‌ಸ್ಟಾಲ್ ಮಾಡದಿರುವುದು ಒಳ್ಳೆಯದು.

ಇಲ್ಲಿ ಆಜ್ಞೆ, ಎರರ್, ಫೈಲ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬಡಿಯಬೇಕು.

ಎರರ್ ಸಾಲನ್ನು ಓದುವುದು

ಮೊದಲು ಮೇಕ್‌ನ ಪೂರ್ತಿ ಔಟ್‌ಪುಟ್ ಒಂದು ಫೈಲಿಗೆ ಹೋಗಲಿ: ಮೇಕ್ 2>&1 | ಟೀ ಲಾಗ್. ಓದುವುದು ಮೇಲಿನಿಂದ. ಕೊನೆಯ ಸಾಲು "ಕಲೆಕ್ಟ್2: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್" ಎಂದಷ್ಟೇ ಹೇಳುತ್ತದೆ, ಅದರಿಂದ ಏನೂ ತಿಳಿಯದು.

ಸಾಲಿನಲ್ಲಿ ಹೆಡರ್ ಫೈಲಿನ ಹೆಸರು ಇದ್ದು "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂದಿದ್ದರೆ ಅದು ಕಂಪೈಲರ್ ಮಾತು. ಕಂಪೈಲ್ ಆದ ತುಣುಕುಗಳನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಲಿಂಕರ್ ಇನ್ನೂ ಎದ್ದೇ ಇಲ್ಲ. ಆ ಹೆಡರ್ ಇರುವ ಡೆವಲಪ್‌ಮೆಂಟ್ ಪ್ಯಾಕೇಜ್ ಬೇಕು. ರೆಡ್‌ಹ್ಯಾಟ್ ಬಳಗದಲ್ಲಿ ಅದರ ಹೆಸರು "-ಡೆವೆಲ್" ಎಂದು, ಡೆಬಿಯನ್ ಬಳಗದಲ್ಲಿ "-ಡೆವ್" ಎಂದು ಮುಗಿಯುತ್ತದೆ.

"ಕೆನಾಟ್ ಫೈಂಡ್ -ಎಲ್‌ಎಕ್ಸ್‌ಟಿ" ಎಂದು ಬಂದರೆ ಲಿಂಕರ್ ಲಿಬ್‌ಎಕ್ಸ್‌ಟಿ.ಎಸ್‌ಒ ಅಥವಾ ಲಿಬ್‌ಎಕ್ಸ್‌ಟಿ.ಎ ಎಂಬ ಫೈಲ್ ಹುಡುಕಿ ಸೋತಿದೆ. .ಎಸ್‌ಒ ಎಂದರೆ ಓಡುವಾಗ ಸೇರುವ ಲೈಬ್ರರಿ, .ಎ ಎಂದರೆ ಲಿಂಕ್ ಮಾಡುವಾಗಲೇ ಪ್ರೋಗ್ರಾಂ ಒಳಗೆ ಸೇರಿಹೋಗುವುದು. ಜಗಳ ಶುರುವಾಗುವುದು ಇಲ್ಲೇ. ಅಡ್ಮಿನ್ "ಹಾಕಿದೀನಲ್ಲ, /ಯುಎಸ್‌ಆರ್/ಲಿಬ್64ರಲ್ಲಿ ಕಾಣ್ತಿದೆ" ಎನ್ನುತ್ತಾರೆ. ಕಾಣುವುದೂ ನಿಜ, ಆದರೆ ಕಾಣುತ್ತಿರುವುದು ಲಿಬ್‌ಎಕ್ಸ್‌ಟಿ.ಎಸ್‌ಒ.6. ಒಂದೇ ಲೈಬ್ರರಿಗೆ ಮೂರು ಹೆಸರಿರುತ್ತದೆ. ಲಿಬ್‌ಎಕ್ಸ್‌ಟಿ.ಎಸ್‌ಒ.6.0.0 ನಿಜವಾದ ಫೈಲ್. ಲಿಬ್‌ಎಕ್ಸ್‌ಟಿ.ಎಸ್‌ಒ.6 ಎಂಬುದು ಎಸ್‌ಒನೇಮ್, ಪ್ರೋಗ್ರಾಂ ಓಡುವಾಗ ಲೈಬ್ರರಿಗಳನ್ನು ತಂದು ಸೇರಿಸುವ ಲೋಡರ್ ಕೇಳುವ ಹೆಸರು. ಕೊನೆಗೆ ಸಂಖ್ಯೆಯೇ ಇಲ್ಲದ ಲಿಬ್‌ಎಕ್ಸ್‌ಟಿ.ಎಸ್‌ಒ ಎಂಬ ಸಿಮ್‌ಲಿಂಕ್, ಇದು ಲಿಂಕರ್‌ಗಾಗಿ ಮಾತ್ರ. ಮೊದಲ ಎರಡು ಸಾಮಾನ್ಯ ಪ್ಯಾಕೇಜಿನಲ್ಲಿ ಬರುತ್ತವೆ, ಮೂರನೆಯದು ಡೆವೆಲ್ ಪ್ಯಾಕೇಜಿನಲ್ಲಿ. ಯಾವ ಪ್ಯಾಕೇಜ್ ಎಂದು ಊಹಿಸುವುದು ಬೇಡ:

ಡಿಎನ್‌ಎಫ್ ಪ್ರೊವೈಡ್ಸ್ '*/ಲಿಬ್‌ಎಕ್ಸ್‌ಟಿ.ಎಸ್‌ಒ'

ಉಬುಂಟುವಿನಲ್ಲಾದರೆ ಎಪಿಟಿ-ಫೈಲ್ ಸರ್ಚ್. ರಾಕಿ 9ರಲ್ಲಿ ಎಷ್ಟೋ ಡೆವೆಲ್ ಪ್ಯಾಕೇಜುಗಳು ಸಿಆರ್‌ಬಿ ಎಂಬ ರೆಪೊಸಿಟರಿಯಲ್ಲಿವೆ, ಅದು ಮೊದಲಿಗೆ ಆಫ್ ಇರುತ್ತದೆ. 8ರಲ್ಲಿ ಅದರ ಹೆಸರು ಪವರ್‌ಟೂಲ್ಸ್. "ಪ್ಯಾಕೇಜೇ ಇಲ್ಲ" ಎಂದು ಕೈಚೆಲ್ಲುವ ಮೊದಲು ಡಿಎನ್‌ಎಫ್ ಕಾನ್ಫಿಗ್-ಮ್ಯಾನೇಜರ್ --ಸೆಟ್-ಎನೇಬಲ್ಡ್ ಸಿಆರ್‌ಬಿ ಕೊಟ್ಟು ನೋಡಿ. ಮೇಕ್‌ಫೈಲಿನಲ್ಲಿ -ಸ್ಟ್ಯಾಟಿಕ್ ಇದ್ದರೆ ಲಿಂಕರ್‌ಗೆ ಬೇಕಿರುವುದು .ಎ ಫೈಲ್, ರೆಡ್‌ಹ್ಯಾಟ್ ಬಳಗದಲ್ಲಿ ಮುಖ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ .ಎ ಫೈಲುಗಳು ಕೂಡ ಜಿಲಿಬ್‌ಸಿ-ಸ್ಟ್ಯಾಟಿಕ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿವೆ.

ಇದರ ಜೊತೆ "ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್" ಎಂಬ ಸಾಲೂ ಇದ್ದರೆ ಫೈಲ್ ಸಿಕ್ಕಿದೆ, ಆದರೆ 32 ಬಿಟ್ ಕೇಳಿದರೆ 64, 64 ಕೇಳಿದರೆ 32. ಫೈಲ್ ಎಂಬ ಆಜ್ಞೆಯನ್ನೇ .ಒ ಫೈಲುಗಳ (ಕಂಪೈಲ್ ಆದ ತುಣುಕುಗಳು, ಅಂದರೆ ಆಬ್ಜೆಕ್ಟ್‌ಗಳು) ಮೇಲೆ ಓಡಿಸಿದರೆ ಯಾವುದು ಯಾವ ಬಿಟ್ ಎಂದು ಗೊತ್ತಾಗುತ್ತದೆ. ಹಳೆಯ ಡೈರೆಕ್ಟರಿಯಿಂದ ಕಾಪಿ ಮಾಡಿ ತಂದ ಮೇಲೆ ಮೇಕ್ ಕ್ಲೀನ್ ಮಾಡದೆ ಬಿಟ್ಟ 2005ರ .ಒ ಫೈಲುಗಳು ಅಲ್ಲೇ ಕೂತಿರುತ್ತವೆ.

"ಅನ್‌ಡಿಫೈನ್ಡ್ ರೆಫರೆನ್ಸ್ ಟು" ಎಂದರೆ ಇನ್ನೊಂದು ಬಗೆ. ಕೊಟ್ಟ ಫೈಲುಗಳೆಲ್ಲ ಸಿಕ್ಕಿವೆ, ಯಾವುದರಲ್ಲೂ ಆ ಹೆಸರು ಇಲ್ಲ. ಇಲ್ಲಿ ಪ್ಯಾಕೇಜ್ ಹುಡುಕುವ ಮೊದಲು ಹೆಸರನ್ನು ಓದಬೇಕು.

ಒಂದು ಮೇಕ್‌ಫೈಲನ್ನು ಬಿಚ್ಚಿ ನೋಡೋಣ

ಮಳೆಯ ಗ್ರಿಡ್ ಡೇಟಾ ಓದಿ ಲೆಕ್ಕ ಮಾಡುವ ಪ್ರೋಗ್ರಾಂ ಒಂದಿದೆ ಎಂದಿಟ್ಟುಕೊಳ್ಳಿ. ಮುಕ್ಕಾಲು ಪಾಲು ಫೋರ್ಟ್ರಾನ್ 77, ಸ್ವಲ್ಪ ಸಿ. ಲಿಂಕ್ ಸಾಲು ಹೀಗಿದೆ:

ಜಿಸಿಸಿ -ಒ ಮಳೆ -ಎಲ್‌ಎಂ -ಎಲ್‌ನೆಟ್‌ಸಿಡಿಎಫ್ -ಎಲ್‌ಜಿ2ಸಿ ಮುಖ್ಯ.ಒ ಗ್ರಿಡ್.ಒ ಡಿಸ್ಕ್.ಒ

ರಾಕಿ 9ರಲ್ಲಿ ಮೊದಲ ಎರರ್ "ಕೆನಾಟ್ ಫೈಂಡ್ -ಎಲ್‌ಜಿ2ಸಿ". ಈ ಲೈಬ್ರರಿಯನ್ನು ಹುಡುಕಲು ಹೋಗಬೇಡಿ. ಅದು ಜಿ77 ಕಂಪೈಲರ್‌ನ ರನ್‌ಟೈಮ್ ಲೈಬ್ರರಿ. ಜಿ77 ಬಂದದ್ದು ಜಿಸಿಸಿ 3.4ರವರೆಗೆ ಮಾತ್ರ, 2005ರಲ್ಲಿ ಜಿಸಿಸಿ 4.0 ಬಂದಾಗ ಅದರ ಜಾಗಕ್ಕೆ ಜಿಫೋರ್ಟ್ರಾನ್ ಬಂತು. ಎಲ್ಲ ಸೋರ್ಸ್ ಕೈಯಲ್ಲಿದ್ದರೆ ಪರಿಹಾರ ಸರಳ: ಎಲ್ಲವನ್ನೂ ಜಿಫೋರ್ಟ್ರಾನ್‌ನಲ್ಲಿ ಮತ್ತೆ ಕಂಪೈಲ್ ಮಾಡಿ, -ಎಲ್‌ಜಿ2ಸಿ ಅಳಿಸಿ, ಕೊನೆಯ ಲಿಂಕ್ ಸಾಲಿನಲ್ಲಿ ಜಿಸಿಸಿ ಬದಲು ಜಿಫೋರ್ಟ್ರಾನ್ ಎಂದೇ ಬರೆಯಿರಿ. ಆಗ ಅದರ ರನ್‌ಟೈಮ್ ತಾನಾಗಿ ಸೇರುತ್ತದೆ.

ಸೋರ್ಸ್ ಇಲ್ಲದ ಒಂದು ಹಳೆಯ .ಎ ಫೈಲ್ ನಡುವೆ ಇದ್ದರೆ ಕೆಲಸ ಕಠಿಣ. ಆಗ ಫೈಲಿನೊಳಗಿನ ಸಿಂಬಲ್‌ಗಳ ಪಟ್ಟಿ ಕೊಡುವ ಎನ್‌ಎಂ ಬೇಕು:

ಎನ್‌ಎಂ -ಎ ಲಿಬ್‌ಹಳೆ.ಎ | ಗ್ರೆಪ್ ' ಯು '

ಇಲ್ಲಿ ಎ ದೊಡ್ಡಕ್ಷರ. ಸಿಂಬಲ್ ಮುಂದಿನ ಯು ಎಂದರೆ "ಬೇಕು, ನನ್ನಲ್ಲಿಲ್ಲ". ಟಿ ಎಂದರೆ "ನನ್ನಲ್ಲಿದೆ". ಪಟ್ಟಿಯಲ್ಲಿ ಎಸ್_ಡಬ್ಲ್ಯುಎಸ್‌ಎಲ್‌ಇ, ಡು_ಎಲ್‌ಐಒ, ಇ_ಡಬ್ಲ್ಯುಎಸ್‌ಎಲ್‌ಇ ಕಂಡರೆ ಅದು ಜಿ77 ಅಥವಾ ಎಫ್2ಸಿ ಕಾಲದ ಆಬ್ಜೆಕ್ಟ್. _ಜಿಫೋರ್ಟ್ರಾನ್_ಎಸ್‌ಟಿ_ರೈಟ್ ಕಂಡರೆ ಅದು ಜಿಫೋರ್ಟ್ರಾನ್‌ನದು.

ಎರಡನ್ನು ಬೆರೆಸುವಾಗ ಎಡವುವುದು ಅಡಿಗೆರೆಯ ಲೆಕ್ಕದಲ್ಲಿ. ಸಬ್‌ರುಟೀನ್ ಹೆಸರು ರೀಡ್‌ಗ್ರಿಡ್ ಎಂದು ಒಂದೇ ಪದವಾಗಿದ್ದರೆ ಎರಡೂ ಕಂಪೈಲರ್ ಕೊನೆಗೆ ಒಂದು ಅಡಿಗೆರೆ ಸೇರಿಸಿ ರೀಡ್‌ಗ್ರಿಡ್_ ಎಂದು ಮಾಡುತ್ತವೆ. ಆದರೆ ಹೆಸರಿನೊಳಗೇ ಅಡಿಗೆರೆ ಇದ್ದರೆ, ಅಂದರೆ ರೀಡ್_ಗ್ರಿಡ್ ಎಂದಿದ್ದರೆ, ಜಿ77 ಕೊನೆಗೆ ಎರಡು ಅಡಿಗೆರೆ ಹಾಕಿ ರೀಡ್_ಗ್ರಿಡ್__ ಎನ್ನುತ್ತದೆ, ಜಿಫೋರ್ಟ್ರಾನ್ ಒಂದೇ ಹಾಕುತ್ತದೆ. ಎರರ್ ಪರದೆಯಲ್ಲಿ ಆ ಎರಡು ಗೆರೆ ಅಂಟಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ. ಆಮೇಲೆ "ಫಂಕ್ಷನ್ ಇದೆ, ಆದ್ರೂ ಇಲ್ಲ ಅಂತಿದೆ" ಎಂಬ ಗೋಳು. ಅನುಮಾನ ಬಂದರೆ ಎರಡೂ ಕಡೆಯ ಎನ್‌ಎಂ ಔಟ್‌ಪುಟನ್ನು ಪಕ್ಕಪಕ್ಕ ಇಟ್ಟು ಅಡಿಗೆರೆ ಎಣಿಸಿ. ಹೊಸ ಫೈಲುಗಳನ್ನು -ಎಫ್‌ಸೆಕೆಂಡ್-ಅಂಡರ್‌ಸ್ಕೋರ್ ಕೊಟ್ಟು ಕಂಪೈಲ್ ಮಾಡಿದರೆ ಹೆಸರು ಹೊಂದುತ್ತದೆ.

ಹೆಸರು ಹೊಂದಿದ ಮಾತ್ರಕ್ಕೆ ಲೆಕ್ಕ ಹೊಂದುತ್ತದೆ ಎನ್ನುವಂತಿಲ್ಲ. ಜಿ77ನಲ್ಲಿ ರಿಯಲ್ ಫಂಕ್ಷನ್ ತನ್ನ ಉತ್ತರವನ್ನು ಸಿ ಭಾಷೆಯ ಡಬಲ್ ಆಗಿ ಹಿಂತಿರುಗಿಸುತ್ತದೆ. ಜಿಫೋರ್ಟ್ರಾನ್ ಫ್ಲೋಟ್ ಆಗಿ. ಲಿಂಕ್ ಸಲೀಸಾಗಿ ಆಗುತ್ತದೆ, ಉತ್ತರ ಮಾತ್ರ ಅಸಂಬದ್ಧ. ಕಾಂಪ್ಲೆಕ್ಸ್ ಫಂಕ್ಷನ್‌ಗಳದ್ದೂ ಇದೇ ಕಥೆ. ಇದಕ್ಕೆ -ಎಫ್‌ಎಫ್2ಸಿ ಎಂಬ ಆಯ್ಕೆ ಇದೆ, ಅಡಿಗೆರೆಯ ನಿಯಮವನ್ನೂ ಅದೇ ಬದಲಿಸುತ್ತದೆ. ಅದನ್ನು ಎಲ್ಲ ಫೋರ್ಟ್ರಾನ್ ಫೈಲುಗಳಿಗೂ ಕೊಡಬೇಕು, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಇನ್ನೊಂದು ಮಾತು: ಎರಡು ರನ್‌ಟೈಮ್‌ಗಳ ಫೈಲ್ ಯೂನಿಟ್‌ಗಳು ಬೇರೆ ಬೇರೆ. ಹೊಸ ಕೋಡ್ ಯೂನಿಟ್ 10ರಲ್ಲಿ ತೆರೆದ ಫೈಲು ಹಳೆಯ ಆಬ್ಜೆಕ್ಟ್‌ನ ಯೂನಿಟ್ 10ಕ್ಕೆ ಕಾಣುವುದಿಲ್ಲ.

ಎರಡನೆಯ ಎರರ್, "ಅನ್‌ಡಿಫೈನ್ಡ್ ರೆಫರೆನ್ಸ್ ಟು ಎನ್‌ಎಫ್_ಓಪನ್_". ಗ್ರಿಡ್ ಡೇಟಾ ಫೈಲುಗಳನ್ನು ಓದುವ ನೆಟ್‌ಸಿಡಿಎಫ್ ಲೈಬ್ರರಿ ಇದೆ, ಅದರಲ್ಲಿ ಈ ಹೆಸರು ಇಲ್ಲ. ಹಳೆಯ 3ರ ಸರಣಿಯಲ್ಲಿ ಸಿ ಮತ್ತು ಫೋರ್ಟ್ರಾನ್ ಎರಡರ ಫಂಕ್ಷನ್‌ಗಳೂ ಒಂದೇ ಲಿಬ್‌ನೆಟ್‌ಸಿಡಿಎಫ್.ಎಯಲ್ಲಿ ಸಿಗುತ್ತಿದ್ದವು. ಈಗ ಫೋರ್ಟ್ರಾನ್ ಭಾಗ ಬೇರೆ ಪ್ಯಾಕೇಜ್, ಲೈಬ್ರರಿ ಹೆಸರಿನ ಕೊನೆಗೆ ಇನ್ನೊಂದು ಎಫ್: -ಎಲ್‌ನೆಟ್‌ಸಿಡಿಎಫ್‌ಎಫ್. ಎನ್‌ಎಫ್-ಕಾನ್ಫಿಗ್ --ಎಫ್‌ಲಿಬ್ಸ್ ಕೊಟ್ಟರೆ ಏನೇನು ಬರೆಯಬೇಕು ಎಂಬುದನ್ನು ಅದೇ ಮುದ್ರಿಸುತ್ತದೆ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುವುದಾದರೆ ಅದರ ಬಾಲ ಉದ್ದ: ನೆಟ್‌ಸಿಡಿಎಫ್‌ಎಫ್, ನೆಟ್‌ಸಿಡಿಎಫ್, ಎಚ್‌ಡಿಎಫ್5_ಎಚ್‌ಎಲ್, ಎಚ್‌ಡಿಎಫ್5, ಝಡ್, ಎಂ, ಇದೇ ಕ್ರಮದಲ್ಲಿ. ನಿಮ್ಮ ಕೋಡ್ .ಇಂಕ್ ಫೈಲಿನ ಬದಲು ಫೋರ್ಟ್ರಾನ್ 90ರ ಮಾಡ್ಯೂಲ್ ಬಳಸಿದರೆ, ನೆಟ್‌ಸಿಡಿಎಫ್ ಕಂಪೈಲ್ ಆದ ಫೋರ್ಟ್ರಾನ್ ಕಂಪೈಲರ್ ಮತ್ತು ನಿಮ್ಮದು ಒಂದೇ ಆಗಿರಬೇಕು; .ಮಾಡ್ ಫೈಲುಗಳನ್ನು ಒಂದು ಕಂಪೈಲರ್ ಇನ್ನೊಂದರದ್ದನ್ನು ಓದುವುದಿಲ್ಲ.

ಮೂರನೆಯದು ವಿಚಿತ್ರ: "ಅನ್‌ಡಿಫೈನ್ಡ್ ರೆಫರೆನ್ಸ್ ಟು ಮೈನರ್". ಇಂಥ ಲೈಬ್ರರಿ ಎಲ್ಲೂ ಇಲ್ಲ, ಏಕೆಂದರೆ ಅದು ಫಂಕ್ಷನ್ನೇ ಅಲ್ಲ, ಮ್ಯಾಕ್ರೊ: ಕಂಪೈಲ್‌ಗೆ ಮೊದಲೇ ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ಹೆಸರು. ಸಾಧನದ ಮೇಜರ್, ಮೈನರ್ ಸಂಖ್ಯೆ ತೆಗೆಯುವ ಈ ಮ್ಯಾಕ್ರೊಗಳು ಮೊದಲು ಸಿಸ್/ಟೈಪ್ಸ್.ಎಚ್ ಸೇರಿಸಿದರೆ ತಾವಾಗಿ ಬರುತ್ತಿದ್ದವು. 2018ರ ಜಿಲಿಬ್‌ಸಿ 2.28ರಿಂದ ಬರುವುದಿಲ್ಲ. ಹೆಡರ್ ಇಲ್ಲದ್ದರಿಂದ ಕಂಪೈಲರ್ ಅದನ್ನು ಎಲ್ಲೋ ಇರುವ ಫಂಕ್ಷನ್ ಎಂದುಕೊಂಡು, ಎಚ್ಚರಿಕೆಯೊಂದನ್ನು ಮುದ್ರಿಸಿ ಮುಂದೆ ಬಿಡುತ್ತದೆ. ಸಿಕ್ಕಿಬೀಳುವುದು ಲಿಂಕರ್ ಕೈಗೆ. ಪರಿಹಾರ ಡಿಸ್ಕ್.ಸಿಯಲ್ಲಿ ಒಂದು ಸಾಲು: ಸಿಸ್/ಸಿಸ್‌ಮ್ಯಾಕ್ರೋಸ್.ಎಚ್ ಇನ್‌ಕ್ಲೂಡ್ ಮಾಡುವುದು. ಜಿಸಿಸಿ 14ರಲ್ಲಿ ಇದೇ ತಪ್ಪು ಕಂಪೈಲ್ ಹಂತದಲ್ಲೇ ಎರರ್ ಆಗುತ್ತದೆ, ಅದು ಒಳ್ಳೆಯದೇ. ಲಿಂಕ್ ಎರರ್ ಬಂದಾಗ ಲಾಗ್‌ನಲ್ಲಿ "ಇಂಪ್ಲಿಸಿಟ್ ಡಿಕ್ಲರೇಷನ್" ಎಂದು ಗ್ರೆಪ್ ಮಾಡುವ ರೂಢಿ ಇಟ್ಟುಕೊಳ್ಳಿ. ಅರ್ಧಕ್ಕರ್ಧ ಉತ್ತರ ಅಲ್ಲಿರುತ್ತದೆ.

ಮೂರೂ ಸರಿಯಾದ ಮೇಲೂ ಉಬುಂಟುವಿನಲ್ಲಿ ಇದೇ ಸಾಲು ಬೀಳುತ್ತದೆ. ಕಾರಣ ಕ್ರಮ. ಲೈಬ್ರರಿಗಳು ಮೊದಲು, ಆಬ್ಜೆಕ್ಟ್‌ಗಳು ಆಮೇಲೆ ಬಂದಿವೆ.

ಕ್ರಮದ ವಿಷಯ

ಲಿಂಕರ್ ಎಡದಿಂದ ಬಲಕ್ಕೆ ಒಂದೇ ಸಲ ಹೋಗುತ್ತದೆ, ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಹೊರಟ ಲೋಕಲ್‌ನಂತೆ. ಬೋರಿವಲಿಗೆ ಬಂದ ಮೇಲೆ "ಅಂಧೇರಿಯಲ್ಲಿ ಒಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು" ಎಂದರೆ ಗಾಡಿ ಹಿಂದೆ ಹೋಗುವುದಿಲ್ಲ. .ಎ ಫೈಲ್ ಎದುರಾದಾಗ ಅಲ್ಲಿಯವರೆಗೆ ಯಾರು ಯಾವ ಸಿಂಬಲ್ ಕೇಳಿದ್ದಾರೋ ಅಷ್ಟನ್ನು ಮಾತ್ರ ಅದರಿಂದ ಎತ್ತಿಕೊಂಡು ಉಳಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ಕೇಳುವವರು ಮೊದಲು, ಕೊಡುವವರು ನಂತರ: ಆಬ್ಜೆಕ್ಟ್‌ಗಳು, ಆಮೇಲೆ ನಿಮ್ಮ ಲೈಬ್ರರಿಗಳು, ಆಮೇಲೆ ಸಿಸ್ಟಂ ಲೈಬ್ರರಿಗಳು, ಕೊನೆಗೆ -ಎಲ್‌ಎಂ.

.ಎಸ್‌ಒ ಲೈಬ್ರರಿಗಳಿಗೆ ಈ ಕಟ್ಟುನಿಟ್ಟು ಮೊದಲು ಇರಲಿಲ್ಲ, ಆದ್ದರಿಂದಲೇ ಅಡ್ಡಾದಿಡ್ಡಿ ಬರೆದ ಮೇಕ್‌ಫೈಲುಗಳೂ ವರ್ಷಗಟ್ಟಲೆ ನಡೆದವು. ಉಬುಂಟು 11.10ರಿಂದ ಅಲ್ಲಿನ ಜಿಸಿಸಿ ತಾನಾಗಿ --ಆ್ಯಸ್-ನೀಡೆಡ್ ಎಂದು ಲಿಂಕರ್‌ಗೆ ಹೇಳುತ್ತದೆ. ಅಲ್ಲಿಯವರೆಗೆ ಯಾರೂ ಕೇಳದ .ಎಸ್‌ಒ ಲೈಬ್ರರಿಯನ್ನು ಲಿಂಕರ್ ಬಿಟ್ಟುಬಿಡುತ್ತದೆ. ರಾಕಿಯಲ್ಲಿ ಲಿಂಕ್ ಆದ ಮೇಕ್‌ಫೈಲ್ ಉಬುಂಟುವಿನಲ್ಲಿ ಬೀಳುವುದಕ್ಕೆ ಇದೇ ಕಾರಣ. -ಡಬ್ಲ್ಯುಎಲ್,--ನೋ-ಆ್ಯಸ್-ನೀಡೆಡ್ ಕೊಟ್ಟು ಬಾಯಿ ಮುಚ್ಚಿಸಬಹುದು, ಆದರೆ ಸಾಲಿನ ಕ್ರಮ ಸರಿಪಡಿಸುವುದು ಅದಕ್ಕಿಂತ ಕಡಿಮೆ ಕೆಲಸ.

ಎರಡು .ಎ ಫೈಲುಗಳು ಒಂದಕ್ಕೊಂದು ಕೇಳಿಕೊಳ್ಳುವಂತಿದ್ದರೆ ಎರಡನ್ನೂ -ಡಬ್ಲ್ಯುಎಲ್,--ಸ್ಟಾರ್ಟ್-ಗ್ರೂಪ್ ಮತ್ತು -ಡಬ್ಲ್ಯುಎಲ್,--ಎಂಡ್-ಗ್ರೂಪ್ ನಡುವೆ ಇಡಿ. ಆ ಗುಂಪಿನಲ್ಲಿ ಮಾತ್ರ ಲಿಂಕರ್ ಹೊಸ ಹೆಸರು ಸಿಗುವುದು ನಿಲ್ಲುವವರೆಗೆ ಸುತ್ತು ಹಾಕುತ್ತದೆ.

"ಡಿಎಸ್‌ಒ ಮಿಸ್ಸಿಂಗ್ ಫ್ರಮ್ ಕಮಾಂಡ್ ಲೈನ್" ಎಂಬ ಎರರ್ ಇದೇ ಕುಟುಂಬದ್ದು. ಕೋಡ್ ನೇರವಾಗಿ ಎಕ್ಸ್11 (ಪರದೆಯ ಕಿಟಕಿಗಳ ಲೈಬ್ರರಿ) ಫಂಕ್ಷನ್ ಕರೆಯುತ್ತದೆ, ಮೇಕ್‌ಫೈಲಿನಲ್ಲಿ -ಎಲ್‌ಎಕ್ಸ್‌ಟಿ ಮಾತ್ರ ಇದೆ. ಎಕ್ಸ್‌ಟಿ ಹೇಗೂ ಎಕ್ಸ್11ನ್ನು ಎಳೆದು ತರುತ್ತದೆಂದು ಹಳೆಯ ಲಿಂಕರ್ ಸುಮ್ಮನಿತ್ತು, ಬಿನ್‌ಯುಟಿಲ್ಸ್ 2.22ರಿಂದ ಸುಮ್ಮನಿರುವುದಿಲ್ಲ. ಬೇಕಾದ ಫೈಲಿನ ಹೆಸರು ಎರರ್‌ನಲ್ಲೇ ಇರುತ್ತದೆ, ಅದಕ್ಕೆ ತಕ್ಕ -ಎಲ್ ಸೇರಿಸಿದರೆ ಮುಗಿಯಿತು.

ಹೆಸರು ನೋಡಿ ಊರು ಹೇಳುವುದು

ಸಿಂಬಲ್‌ನ ಮೊದಲ ಕೆಲವು ಅಕ್ಷರಗಳಿಂದಲೇ ಅದು ಯಾವ ಲೈಬ್ರರಿಯದು ಎಂದು ಸಾಮಾನ್ಯವಾಗಿ ಹೇಳಬಹುದು. ಜಿಒಎಂಪಿ_ ಎಂದು ಶುರುವಾದರೆ ಓಪನ್‌ಎಂಪಿ, ಲಿಂಕ್ ಸಾಲಿನಲ್ಲೂ -ಎಫ್‌ಓಪನ್‌ಎಂಪಿ ಕೊಡಲು ಮರೆತಿದ್ದೀರಿ. __ಕೆಎಂಪಿಸಿ_ ಆದರೆ ಆ ಆಬ್ಜೆಕ್ಟ್ ಇಂಟೆಲ್ ಅಥವಾ ಎಲ್‌ಎಲ್‌ವಿಎಂ ಬಳಗದ ಓಪನ್‌ಎಂಪಿ ಕೇಳುತ್ತಿದೆ. ಫಾರ್_ರೈಟ್_ ಎಂದು ಶುರುವಾದದ್ದು ಇಂಟೆಲ್ ಫೋರ್ಟ್ರಾನ್‌ನದು. __ಜಿಎಕ್ಸ್‌ಎಕ್ಸ್_ಪರ್ಸನಾಲಿಟಿ_ವಿ0 ಕಂಡರೆ ಸಿ++ ಕೋಡನ್ನು ಜಿಸಿಸಿಯಿಂದ ಲಿಂಕ್ ಮಾಡುತ್ತಿದ್ದೀರಿ, ಜಿ++ ಬಳಸಿ. ಡಿಜಿಇಎಂಎಂ_ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿಯಾದ ಬ್ಲಾಸ್‌ನದು. ಎಂಪಿಐ_ಇನಿಟ್_ ಆದರೆ ಲೈಬ್ರರಿ ಹುಡುಕದೆ ಎಂಪಿಐಎಫ್90 ರ‍್ಯಾಪರ್‌ನಿಂದಲೇ ಲಿಂಕ್ ಮಾಡಿ. ಟಿಗೆಟೆಂಟ್, ಕೀಪ್ಯಾಡ್, ಎಸ್‌ಟಿಡಿಎಸ್‌ಸಿಆರ್ ಕೇಳಿದರೆ -ಎಲ್‌ಎನ್‌ಕರ್ಸಸ್ ಜೊತೆಗೆ -ಎಲ್‌ಟಿಇನ್ಫೋ ಕೂಡ ಬೇಕಾಗಬಹುದು. ಎಕ್ಸ್‌ಎಂ ಎಂದು ಶುರುವಾದರೆ ಮೋಟಿಫ್.

ಸಿ++ ಹೆಸರುಗಳು ತಿರುಚಿಕೊಂಡು ಬಂದರೆ ಸಿ++ಫಿಲ್ಟ್‌ಗೆ ಕೊಡಿ. ಬಿಡಿಸಿದ ಹೆಸರಿನಲ್ಲಿ ಎಸ್‌ಟಿಡಿ::__ಸಿಎಕ್ಸ್‌ಎಕ್ಸ್11 ಇದ್ದರೆ ಸಮಸ್ಯೆ ಲೈಬ್ರರಿಯದ್ದಲ್ಲ, ಎಬಿಐಯದ್ದು, ಅಂದರೆ ಕಂಪೈಲ್ ಆದ ತುಣುಕುಗಳು ಒಂದಕ್ಕೊಂದು ಹೊಂದುವ ನಿಯಮದ್ದು. 2015ರ ಜಿಸಿಸಿ 5ರಲ್ಲಿ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆ ಬದಲಾಯಿತು. ಹಳೆಯ ಕಂಪೈಲರ್‌ನಲ್ಲಿ ಕಟ್ಟಿದ, ಸೋರ್ಸ್ ಇಲ್ಲದ ಸಿ++ ಲೈಬ್ರರಿಗೆ ಹೊಸ ಕೋಡ್ ಲಿಂಕ್ ಆಗಬೇಕಾದರೆ ಹೊಸ ಕೋಡನ್ನು _ಜಿಎಲ್‌ಐಬಿಸಿಎಕ್ಸ್‌ಎಕ್ಸ್_ಯೂಸ್_ಸಿಎಕ್ಸ್‌ಎಕ್ಸ್11_ಎಬಿಐ=0 ಎಂದು ಡಿಫೈನ್ ಮಾಡಿ ಕಂಪೈಲ್ ಮಾಡಬೇಕು, ಎಲ್ಲ ಫೈಲುಗಳನ್ನೂ.

ಸೆಂಟ್‌ಒಎಸ್ 7ರಲ್ಲಿದ್ದದ್ದು ಜಿಲಿಬ್‌ಸಿ 2.17, ಜಿಸಿಸಿ 4.8.5. ರಾಕಿ 9ರಲ್ಲಿ ಜಿಲಿಬ್‌ಸಿ 2.34, ಜಿಸಿಸಿ 11. ನಡುವಿನ ವರ್ಷಗಳ ಬದಲಾವಣೆಯೆಲ್ಲ ಒಂದೇ ದಿನ ನಿಮ್ಮ ತಲೆಗೆ ಬೀಳುತ್ತದೆ ಎಂಬುದು ನೆನಪಿರಲಿ. ಬೇರೆ ಮಷಿನ್‌ನ ಫಂಕ್ಷನ್ ಕರೆಯುವ ಸನ್ ಆರ್‌ಪಿಸಿ ಜಿಲಿಬ್‌ಸಿಯಿಂದ ಹೊರಬಿದ್ದಿದೆ, ಸಿಎಲ್‌ಎನ್‌ಟಿ_ಕ್ರಿಯೇಟ್, ಎಕ್ಸ್‌ಡಿಆರ್_ ಹೆಸರುಗಳು ಸಿಗದಿದ್ದರೆ -ಎಲ್‌ಟಿಐಆರ್‌ಪಿಸಿ ಹಾಕಿ, ಹೆಡರ್‌ಗಾಗಿ /ಯುಎಸ್‌ಆರ್/ಇನ್‌ಕ್ಲೂಡ್/ಟಿಐಆರ್‌ಪಿಸಿ ತೋರಿಸಿ. ಓಪನ್‌ಎಸ್‌ಎಸ್‌ಎಲ್ 1.1ರಿಂದ ಎಸ್‌ಎಸ್‌ಎಲ್_ಲೈಬ್ರರಿ_ಇನಿಟ್ ಬರೀ ಮ್ಯಾಕ್ರೊ; ಹಳೆಯ ಆಬ್ಜೆಕ್ಟ್ ಅದನ್ನು ಫಂಕ್ಷನ್ ಎಂದು ಕೇಳುತ್ತದೆ, ಮತ್ತೆ ಕಂಪೈಲ್ ಮಾಡದೆ ದಾರಿಯಿಲ್ಲ. 2.34ರಲ್ಲಿ ಪಿಥ್ರೆಡ್ ಮತ್ತು ಡಿಎಲ್ ಲೈಬ್ರರಿಗಳು ಮುಖ್ಯ ಸಿ ಲೈಬ್ರರಿಯಲ್ಲೇ ಸೇರಿಹೋದವು. -ಎಲ್‌ಪಿಥ್ರೆಡ್ ಎಂದು ಬರೆದರೆ ಈಗಲೂ ನಡೆಯುತ್ತದೆ, ಅದಕ್ಕಾಗಿಯೇ ಒಂದು ಖಾಲಿ .ಎ ಫೈಲ್ ಇಟ್ಟಿದ್ದಾರೆ; ಆದರೆ ಲಿಬ್‌ಪಿಥ್ರೆಡ್.ಎಸ್‌ಒ ಇದೆಯೇ ಎಂದು ಹೆಸರು ಹಿಡಿದು ಹುಡುಕುವ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್ ಮುಗ್ಗರಿಸುತ್ತದೆ. "ಮಲ್ಟಿಪಲ್ ಡೆಫಿನಿಷನ್" ಸುರಿಮಳೆ ಬಂದರೆ ಜಿಸಿಸಿ 10ರ ಬದಲಾವಣೆ ಕಾರಣ. -ಎಫ್‌ಕಾಮನ್ ಕೊಟ್ಟರೆ ಹಳೆಯ ನಡವಳಿಕೆ ಮರಳುತ್ತದೆ.

ಲಿಂಕ್ ಆಯಿತು, ಓಡುತ್ತಿಲ್ಲ

ಇಲ್ಲಿಂದ ಮುಂದೆ ಲಿಂಕರ್‌ಗೆ ಸಂಬಂಧವಿಲ್ಲ, ಲೋಡರ್‌ನ ಕೆಲಸ. "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಜಿಫೋರ್ಟ್ರಾನ್.ಎಸ್‌ಒ.3" ಎಂದು ಬಂದರೆ ಆ 3ನ್ನು ಗಮನಿಸಿ. ಸೆಂಟ್‌ಒಎಸ್ 7ರಲ್ಲಿ ಅದು 3, ಜಿಸಿಸಿ 7ರಲ್ಲಿ 4, ಜಿಸಿಸಿ 8ರಿಂದ 5. ಸಂಖ್ಯೆ ಬದಲಿಸಿರುವುದೇ ಎರಡೂ ಹೊಂದುವುದಿಲ್ಲ ಎಂದು ಹೇಳಲು. ಅಂಥಲ್ಲಿ 5ನ್ನು ತೋರಿಸುವ 3 ಎಂಬ ಸಿಮ್‌ಲಿಂಕ್ ಕಟ್ಟಿದರೆ, ಅದೃಷ್ಟ ಚೆನ್ನಾಗಿದ್ದರೆ ಪ್ರೋಗ್ರಾಂ ಕೂಡಲೇ ಬಿದ್ದುಹೋಗುತ್ತದೆ. ಇಲ್ಲದಿದ್ದರೆ ಓಡುತ್ತದೆ, ತಪ್ಪು ಬರೆಯುತ್ತದೆ. ಸರಿಯಾದ ದಾರಿ ಮತ್ತೆ ಕಂಪೈಲ್ ಮಾಡುವುದು, ಇಲ್ಲವೇ ಹೊಂದಾಣಿಕೆಯ ಪ್ಯಾಕೇಜ್ ಹಾಕುವುದು: ರಾಕಿ 8ರಲ್ಲಿ ಕಂಪ್ಯಾಟ್-ಲಿಬ್‌ಜಿಫೋರ್ಟ್ರಾನ್-48 ಇದೆ, ಹಳೆಯ ಓಪನ್‌ಎಸ್‌ಎಸ್‌ಎಲ್‌ಗೆ 8ರಲ್ಲಿ ಕಂಪ್ಯಾಟ್-ಓಪನ್‌ಎಸ್‌ಎಸ್‌ಎಲ್10, 9ರಲ್ಲಿ ಕಂಪ್ಯಾಟ್-ಓಪನ್‌ಎಸ್‌ಎಸ್‌ಎಲ್11.

ಎಲ್‌ಡಿಡಿ ಕೊಟ್ಟರೆ "ನಾಟ್ ಫೌಂಡ್" ಪಟ್ಟಿ ಸಿಗುತ್ತದೆ. ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಬೇಡಿ, ಅದು ಪ್ರೋಗ್ರಾಮನ್ನೇ ಚಾಲೂ ಮಾಡಿಬಿಡಬಹುದು. ರೀಡ್‌ಎಲ್ಫ್ -ಡಿ ಬರೀ ಓದಿ ಹೇಳುತ್ತದೆ. ಲೈಬ್ರರಿ ಇದ್ದೂ ಸಿಗದಿದ್ದರೆ ಎಲ್‌ಡಿ_ಡೀಬಗ್=ಲಿಬ್ಸ್ ಎಂದು ಮುಂದೆ ಬರೆದು ಪ್ರೋಗ್ರಾಂ ಓಡಿಸಿ, ಲೋಡರ್ ಯಾವ ಯಾವ ಡೈರೆಕ್ಟರಿ ತಡಕಾಡಿತು ಎಂಬುದನ್ನೆಲ್ಲ ಮುದ್ರಿಸುತ್ತದೆ.

ನಿಮ್ಮದೇ ಲೈಬ್ರರಿಗಳನ್ನು ಪ್ರೋಗ್ರಾಂ ಪಕ್ಕದ ಲಿಬ್ ಡೈರೆಕ್ಟರಿಯಲ್ಲಿ ಇಟ್ಟು, ಲಿಂಕ್ ಮಾಡುವಾಗಲೇ ದಾರಿ ಬರೆದುಬಿಡಿ:

-ಡಬ್ಲ್ಯುಎಲ್,-ಆರ್‌ಪಾತ್,'$$ಒರಿಜಿನ್/../ಲಿಬ್'

ಒರಿಜಿನ್ ಪೂರ್ತಿ ದೊಡ್ಡಕ್ಷರ. ಮೇಕ್‌ಫೈಲಿನಲ್ಲಿ ಡಾಲರ್ ಎರಡು ಸಲ, ಸುತ್ತ ಒಂಟಿ ಉದ್ಧರಣ ಚಿಹ್ನೆ. ಯಾವುದೊಂದು ಬಿಟ್ಟರೂ ಮೇಕ್ ಅಥವಾ ಶೆಲ್ ಅದನ್ನು ನುಂಗುತ್ತದೆ. ಲಿಂಕ್ ಆದ ಮೇಲೆ ರೀಡ್‌ಎಲ್ಫ್ -ಡಿ ಕೊಟ್ಟು ದಾರಿ ಹಾಗೇ ಉಳಿದಿದೆಯೇ ನೋಡಿ. ಈಗಾಗಲೇ ಕಟ್ಟಿದ ಬೈನರಿಯಾದರೆ ಪ್ಯಾಚ್‌ಎಲ್ಫ್ --ಸೆಟ್-ಆರ್‌ಪಾತ್. ಎಲ್‌ಡಿ_ಲೈಬ್ರರಿ_ಪಾತ್ ಪರೀಕ್ಷೆಗಷ್ಟೇ ಸಾಕು. ಅದನ್ನು .ಬ್ಯಾಶ್‌ಆರ್‌ಸಿಯಲ್ಲಿ ಶಾಶ್ವತವಾಗಿ ಹಾಕಿದರೆ ಆ ಖಾತೆಯಲ್ಲಿ ಓಡುವ ಇತರ ಪ್ರೋಗ್ರಾಂಗಳಿಗೂ ಹಳೆಯ ಲೈಬ್ರರಿ ಅಂಟುತ್ತದೆ, ಆಮೇಲೆ ಸಂಬಂಧವೇ ಇಲ್ಲದ ಯಾವುದೋ ಒಂದು ಮುರಿಯುತ್ತದೆ.

"ವರ್ಷನ್ ಜಿಎಲ್‌ಐಬಿಸಿ_2.34 ನಾಟ್ ಫೌಂಡ್" ಎಂಬುದು ತಿರುಗಿದ ದಾರಿ: ಹೊಸ ಮಷಿನ್‌ನಲ್ಲಿ ಕಟ್ಟಿ ಹಳೆಯದರ ಮೇಲೆ ಓಡಿಸುತ್ತಿದ್ದೀರಿ. ಹಳೆಯ ಮಷಿನ್‌ನ ಜಿಲಿಬ್‌ಸಿ ಫೈಲುಗಳನ್ನು ಕೈಯಿಂದ ಬದಲಿಸಲು ಹೋದರೆ ಎಲ್‌ಎಸ್ ಕೂಡ ಓಡದ ಸ್ಥಿತಿ ಬರುತ್ತದೆ. ಎರಡೂ ಕಡೆ ಓಡಬೇಕಾದ ಪ್ರೋಗ್ರಾಮನ್ನು ಎರಡರಲ್ಲಿ ಹಳೆಯದರ ಮೇಲೆ ಕಟ್ಟಿ.

ಇನ್ನೊಂದು ಎರರ್ ಚಿಂಚವಡದ ಕಡೆಯ ಡಿಸೈನ್ ಆಫೀಸಿನವರಿಗೆ ಪರಿಚಿತವಿರಬಹುದು. ಫೈಲ್ ಕಣ್ಣೆದುರಿಗಿದೆ, ಓಡಿಸುವ ಅನುಮತಿಯೂ ಇದೆ, ಆದರೂ ಶೆಲ್ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎನ್ನುತ್ತದೆ. ಇಲ್ಲದಿರುವುದು ಆ ಫೈಲಲ್ಲ, ಅದು ಕೇಳುವ ಲೋಡರ್. ರೀಡ್‌ಎಲ್ಫ್ -ಎಲ್ ಕೊಟ್ಟು "ಇಂಟರ್‌ಪ್ರಿಟರ್" ಸಾಲು ನೋಡಿ. /ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2 ಎಂದಿದ್ದರೆ ಅದು 32 ಬಿಟ್ ಬೈನರಿ; ಜಿಲಿಬ್‌ಸಿಯ ಐ686 ಆವೃತ್ತಿ ಬೇಕು. /ಲಿಬ್64/ಎಲ್‌ಡಿ-ಎಲ್‌ಎಸ್‌ಬಿ-ಎಕ್ಸ್86-64.ಎಸ್‌ಒ.3 ಎಂದಿದ್ದರೆ ಹಳೆಯ ಲೈಸೆನ್ಸ್ ಸರ್ವರ್ ಪ್ರೋಗ್ರಾಂಗಳ ಗುರುತು ಅದು. ಸಿಮ್‌ಲಿಂಕ್ ಬೇಡ ಎಂಬ ಮಾತಿಗೆ ಇದೊಂದು ವಿನಾಯಿತಿ: ಎಲ್‌ಎಸ್‌ಬಿ (ಲಿನಕ್ಸ್‌ಗಳ ನಡುವಿನ ಹೊಂದಾಣಿಕೆಯ ಮಾನದಂಡ) ಪ್ಯಾಕೇಜ್ ಕೂಡ ಆ ಹೆಸರನ್ನು ಸಾಮಾನ್ಯ ಲೋಡರ್‌ಗೇ ಸಿಮ್‌ಲಿಂಕ್ ಆಗಿ ಕಟ್ಟುತ್ತಿತ್ತು, ಆ ಪ್ಯಾಕೇಜ್ ಸಿಗದಿದ್ದರೆ ನೀವೂ ಕಟ್ಟಬಹುದು.

ಸೋರ್ಸ್ ಇಲ್ಲ, ಹೊಂದಾಣಿಕೆಯ ಪ್ಯಾಕೇಜೂ ಇಲ್ಲ ಎಂದಾಗ ಕಂಟೇನರ್, ಅಂದರೆ ಹೊಸ ಮಷಿನ್‌ನೊಳಗೇ ಹಳೆಯ ಲಿನಕ್ಸ್‌ನ ಪ್ರತ್ಯೇಕ ಪರಿಸರ, ಉಳಿಯುತ್ತದೆ. ಸೆಂಟ್‌ಒಎಸ್ 7ರ ಇಮೇಜ್ ತಂದರೆ ಯಮ್ ಓಡುವುದಿಲ್ಲ, ಏಕೆಂದರೆ ಮಿರರ್‌ಲಿಸ್ಟ್ ಸರ್ವರ್ ಮುಚ್ಚಿದೆ. ರೆಪೊ ಫೈಲುಗಳಲ್ಲಿ ಮಿರರ್‌ಲಿಸ್ಟ್ ಸಾಲು ಅಳಿಸಿ ಬೇಸ್‌ಯುಆರ್‌ಎಲ್‌ಗೆ ವಾಲ್ಟ್.ಸೆಂಟ್‌ಒಎಸ್.ಆರ್ಗ್ ವಿಳಾಸ ಕೊಡಬೇಕು. ಸೆಂಟ್‌ಒಎಸ್ 6ರ ಇಮೇಜ್ ಆದರೆ ಹೊಸ ಕರ್ನೆಲ್‌ಗಳ ಮೇಲೆ ಬ್ಯಾಶ್ ಕೂಡ ಏಳದೆ 139 ಎಂಬ ಕೋಡ್‌ನೊಂದಿಗೆ ಸಾಯಬಹುದು. ಅದಕ್ಕೆ ಹೋಸ್ಟ್ ಮಷಿನ್‌ನ ಬೂಟ್ ಸಾಲಿನಲ್ಲಿ ವಿಸಿಸ್‌ಕಾಲ್=ಎಮ್ಯುಲೇಟ್ ಸೇರಿಸಬೇಕು.

ಹಳೆಯ ಸರ್ವರ್ ಇನ್ನೂ ಬದುಕಿದ್ದರೆ ಅದನ್ನು ಆರಿಸುವ ಮೊದಲು ಮೂರು ಸಂಗತಿ ಎತ್ತಿಟ್ಟುಕೊಳ್ಳಿ: ಪ್ರೋಗ್ರಾಂನ ಎಲ್‌ಡಿಡಿ ಔಟ್‌ಪುಟ್, ಆರ್‌ಪಿಎಂ -ಕ್ಯುಎ ಕೊಡುವ ಪ್ಯಾಕೇಜ್ ಪಟ್ಟಿ, ಮತ್ತು ಗೊತ್ತಿರುವ ಒಂದು ಇನ್‌ಪುಟ್‌ಗೆ ಅಲ್ಲಿ ಬಂದ ಪೂರ್ತಿ ಔಟ್‌ಪುಟ್. ಹೊಸ ಮಷಿನ್‌ನ ಉತ್ತರವನ್ನು ಅದರೊಂದಿಗೆ ಹೋಲಿಸಿ. 32 ಬಿಟ್‌ನಿಂದ 64ಕ್ಕೆ ಬಂದಿದ್ದರೆ ಕೊನೆಯ ಒಂದೆರಡು ದಶಮಾಂಶ ಅತ್ತಿತ್ತ ಆಗುವುದು ಸಹಜ, ಹಳೆಯ ಎಕ್ಸ್87 ಗಣಕಭಾಗ 80 ಬಿಟ್‌ನಲ್ಲಿ ಲೆಕ್ಕ ಮಾಡುತ್ತಿತ್ತು. ಮೊದಲ ಅಂಕಿಯೇ ಬೇರೆಯಾಗಿದ್ದರೆ, ಅಥವಾ ಹಳೆಯ ಅನ್‌ಫಾರ್ಮ್ಯಾಟೆಡ್ ಡೇಟಾ ಫೈಲ್ ತೆರೆದ ಕೂಡಲೇ ಪ್ರೋಗ್ರಾಂ ಬಿದ್ದರೆ, ರೆಕಾರ್ಡ್ ಮಾರ್ಕರ್ ನೋಡಿ: ಜಿಫೋರ್ಟ್ರಾನ್‌ನ ಮೊದಮೊದಲ ಆವೃತ್ತಿಗಳು ಹೆಚ್ಚಿನ ಮಷಿನ್‌ಗಳಲ್ಲಿ ಪ್ರತಿ ರೆಕಾರ್ಡ್‌ನ ಹಿಂದೆ ಮುಂದೆ 8 ಬೈಟ್ ಅಳತೆ ಬರೆಯುತ್ತಿದ್ದವು, ಈಗಿನವು 4 ಬೈಟ್. ಒಡಿ -ಟಿ ಡಿ4 ಕೊಟ್ಟು ಫೈಲಿನ ಮೊದಲ ಸಾಲು ನೋಡಿ. ಮೊದಲ ಸಂಖ್ಯೆ ರೆಕಾರ್ಡ್‌ನ ಅಳತೆಯಾಗಿದ್ದು ಅದರ ಪಕ್ಕ ಸೊನ್ನೆ ಇದ್ದರೆ ಬಹುಪಾಲು ಅದು 8 ಬೈಟ್‌ನದೇ; -ಎಫ್‌ರೆಕಾರ್ಡ್-ಮಾರ್ಕರ್=8 ಕೊಟ್ಟು ಕಂಪೈಲ್ ಮಾಡಿದರೆ ಅದೇ ಫೈಲ್ ಓದಬಹುದು.